ಲಾಂಛನ ಬರೆಸುವ ಮುನ್ನ: ವಿನ್ಯಾಸ ಸಂಸ್ಥೆಯೋ, ಸ್ವತಂತ್ರ ವಿನ್ಯಾಸಕಾರನೋ?

ಬೆಳಗಾವಿ: ಒಂದು ಕಾಲಕ್ಕೆ ಈ ಭಾಗದ ವ್ಯಾಪಾರಸ್ಥರಿಗೆ ವಿನ್ಯಾಸವೆಂಬುದು ಪ್ರತ್ಯೇಕ ಖರ್ಚಿನ ಬಾಬತ್ತಾಗಿರಲಿಲ್ಲ. ಅಂಗಡಿಯ ಫಲಕವನ್ನು ಪೇಂಟರ್ ಬರೆಯುತ್ತಿದ್ದ. ಬಿಲ್ ಪುಸ್ತಕ, ಲೆಟರ್‌ಹೆಡ್, ಕ್ಯಾಲೆಂಡರುಗಳ ಅಕ್ಷರಜೋಡಣೆ ಮುದ್ರಣಾಲಯದವರ ಹೊಣೆಯಾಗಿತ್ತು. ಇಂದು ಪರಿಸ್ಥಿತಿ ಬದಲಾಗಿದೆ. ಉದ್ಯಮಬಾಗದ ಫೌಂಡ್ರಿಯ ಮಾಲೀಕರಿಗೆ ವಿದೇಶಿ ಗ್ರಾಹಕರ ಕೈಗಿಡಲು ಕ್ಯಾಟಲಾಗ್ ಬೇಕು. ಕುಂದಾ ತಯಾರಕರಿಗೆ ದೂರದ ಊರುಗಳ ಅಂಗಡಿಗಳಲ್ಲಿ ಕಣ್ಣಿಗೆ ಬೀಳುವ ಡಬ್ಬಿ ಬೇಕು. ಶಹಾಪುರ, ವಡಗಾವಿಗಳ ನೇಕಾರರಿಗೆ ಸೀರೆಯ ಪೆಟ್ಟಿಗೆಯ ಮೇಲೆ ತಮ್ಮದೇ ಹೆಸರು ಬೇಕು. ಹೆಂಚು, ಇಟ್ಟಿಗೆ ಹಾಗೂ ಮಣ್ಣಿನ ಪಾತ್ರೆಗಳಿಗೆ ಹೆಸರಾದ ಖಾನಾಪುರದ ಕುಶಲಕರ್ಮಿಗಳೂ ಇದಕ್ಕೆ ಹೊರತಲ್ಲ.

ಹೀಗೆ ಅವಶ್ಯಕತೆ ಹುಟ್ಟಿದೊಡನೆ ಎದುರಾಗುವ ಪ್ರಶ್ನೆ ಒಂದೇ. ಕೆಲಸವನ್ನು ಹತ್ತಾರು ಜನರಿರುವ ವಿನ್ಯಾಸ ಸಂಸ್ಥೆಗೆ ಒಪ್ಪಿಸಬೇಕೆ, ಅಥವಾ ಫ್ರೀಲಾನ್ಸರ್ ಎಂದು ಕರೆಯಲಾಗುವ ಸ್ವತಂತ್ರ ವಿನ್ಯಾಸಕಾರರಿಗೆ ಕೊಡಬೇಕೆ? ಬಹುತೇಕರು ದರವನ್ನಷ್ಟೇ ಹೋಲಿಸಿ ನಿರ್ಧರಿಸುತ್ತಾರೆ. ಆದರೆ ದರಕ್ಕಿಂತ ಮೊದಲು ವಿಚಾರಿಸಬೇಕಾದ ಸಂಗತಿಗಳು ಮೂರಿವೆ: ಕೆಲಸ ಎಷ್ಟು ಬಗೆಯದು, ಎಷ್ಟು ಕಾಲದ್ದು, ಕೆಲಸ ಮುಗಿದ ಮೇಲೆ ಅದರ ಮೇಲಿನ ಹಕ್ಕು ಯಾರದು.

ಇಬ್ಬರ ಕಾರ್ಯವಿಧಾನ

ವಿನ್ಯಾಸ ಸಂಸ್ಥೆಯಲ್ಲಿ ಕೆಲಸ ಹಂಚಿಹೋಗುತ್ತದೆ. ಗ್ರಾಹಕರೊಡನೆ ಮಾತನಾಡುವವರು ಒಬ್ಬರು, ಚಿತ್ರ ಬರೆಯುವವರು ಮತ್ತೊಬ್ಬರು, ಬರವಣಿಗೆ, ಛಾಯಾಗ್ರಹಣ, ಜಾಲತಾಣ, ಮುದ್ರಣದ ಉಸ್ತುವಾರಿಗೆ ಬೇರೆ ಬೇರೆಯವರು. ಆದ್ದರಿಂದ ಲಾಂಛನ, ಡಬ್ಬಿ, ಪ್ರದರ್ಶನದ ಮಳಿಗೆ, ಜಾಹೀರಾತು ಇವೆಲ್ಲವೂ ಏಕಕಾಲಕ್ಕೆ ಬೇಕಾದಾಗ ಸಂಸ್ಥೆಯೇ ಅನುಕೂಲ. ಒಬ್ಬರು ರಜೆ ಹಾಕಿದರೆ ಕೆಲಸ ನಿಲ್ಲುವುದಿಲ್ಲ. ಆದರೆ ಕಚೇರಿಯ ಬಾಡಿಗೆ, ಸಿಬ್ಬಂದಿಯ ಸಂಬಳಗಳೂ ಗ್ರಾಹಕರ ಬಿಲ್ಲಿನಲ್ಲೇ ಸೇರಿರುತ್ತವೆ. ಮೊದಲ ಸಭೆಗೆ ಬಂದ ಅನುಭವಿ ಕಲಾವಿದರೇ ನಿಮ್ಮ ಕೆಲಸ ಮಾಡುತ್ತಾರೆಂಬ ಖಾತ್ರಿಯೂ ಇರುವುದಿಲ್ಲ. ಸಣ್ಣ ಗ್ರಾಹಕರ ಕೆಲಸ ಹೊಸಬರ ಕೈಗೆ ಹೋಗುವುದುಂಟು.

ಸ್ವತಂತ್ರ ವಿನ್ಯಾಸಕಾರರಲ್ಲಿ ನೀವು ಯಾರೊಡನೆ ಮಾತನಾಡುತ್ತೀರೋ ಅವರೇ ಕೆಲಸ ಮಾಡುತ್ತಾರೆ. ಹೇಳಿದ್ದು ಬಾಯಿಂದ ಬಾಯಿಗೆ ಹೋಗಿ ಅಪಭ್ರಂಶವಾಗುವುದಿಲ್ಲ. ವೆಚ್ಚವೂ ಸಾಮಾನ್ಯವಾಗಿ ಕಡಿಮೆ. ಕನ್ನಡದ ಪುಸ್ತಕ ಪ್ರಕಾಶನ ಈ ಪದ್ಧತಿಯನ್ನೇ ಬಹುಕಾಲದಿಂದ ನೆಚ್ಚಿಕೊಂಡು ಬಂದಿದೆ. ಚಂದ್ರನಾಥ ಆಚಾರ್ಯ, ಅಪಾರ ಮುಂತಾದವರು ರಚಿಸಿದ ಮುಖಪುಟಗಳು ಓದುಗರಿಗೆ ಸುಪರಿಚಿತ. ಆದರೆ ಒಬ್ಬರಿಗೆ ಇರುವುದು ಎರಡೇ ಕೈ. ಜಾತ್ರೆ, ದೀಪಾವಳಿಗಳ ಹೊತ್ತಿಗೆ ನಾಲ್ಕು ಕಡೆಯ ಕೆಲಸ ಒಟ್ಟಿಗೆ ಬಂದರೆ ನಿಮ್ಮ ಸರದಿ ಹಿಂದೆ ಬೀಳಬಹುದು. ಅವರು ಬೆಂಗಳೂರಿನಲ್ಲೋ ಪುಣೆಯಲ್ಲೋ ನೌಕರಿ ಹಿಡಿದು ಹೊರಟರೆ ನಿಮ್ಮ ಕಡತಗಳೂ ಅವರ ಕಂಪ್ಯೂಟರಿನೊಡನೆ ಹೊರಟುಬಿಡಬಹುದು.

ದೇಶವೇ ಬಲ್ಲ ದೃಷ್ಟಾಂತಗಳು

ದೊಡ್ಡ ಕೆಲಸಕ್ಕೆ ದೊಡ್ಡ ಸಂಸ್ಥೆಯೇ ಆಗಬೇಕೆಂಬ ನಂಬಿಕೆಗೆ ನಮ್ಮ ರೂಪಾಯಿ ಚಿಹ್ನೆಯೇ ಉತ್ತರ. ಕೇಂದ್ರ ಸರ್ಕಾರ ಮುಕ್ತ ಸ್ಪರ್ಧೆ ನಡೆಸಿ, 2010ರ ಜುಲೈ 15ರಂದು ಅಂಗೀಕರಿಸಿದ ಈ ಚಿಹ್ನೆಯನ್ನು ರಚಿಸಿದವರು ಡಿ. ಉದಯಕುಮಾರ್ ಎಂಬ ಒಬ್ಬ ವ್ಯಕ್ತಿ. ದೇವನಾಗರಿಯ 'ರ' ಅಕ್ಷರವನ್ನೂ ರೋಮನ್ 'ಆರ್' ಅಕ್ಷರವನ್ನೂ ಬೆಸೆದ ಆ ರಚನೆಗೆ ದೊರೆತ ಬಹುಮಾನ ಎರಡೂವರೆ ಲಕ್ಷ ರೂಪಾಯಿ. ಬೇಕಾದದ್ದು ಒಂದು ಚಿಹ್ನೆ ಮಾತ್ರವಾದ್ದರಿಂದ ಅಲ್ಲಿ ಒಬ್ಬರ ಪ್ರತಿಭೆ ಸಾಕಾಯಿತು.

2014ರ 'ಮೇಕ್ ಇನ್ ಇಂಡಿಯಾ' ಪ್ರಚಾರದ ಸ್ವರೂಪ ಬೇರೆ. ಗಾಲಿಚಕ್ರಗಳ ಸಿಂಹದ ಲಾಂಛನದ ಜೊತೆಗೆ 25 ಉದ್ಯಮ ಕ್ಷೇತ್ರಗಳ ಕೈಪಿಡಿಗಳು, ಜಾಲತಾಣ, ಜಾಹೀರಾತುಗಳೂ ಒಂದೇ ಮೈಕಟ್ಟಿನಲ್ಲಿ ಬೇಕಿದ್ದವು. ಆ ಕೆಲಸ ವೀಡನ್ ಪ್ಲಸ್ ಕೆನಡಿ ಎಂಬ ಸಂಸ್ಥೆಗೆ ಹೋಯಿತು. ಕಾಲದ ಪ್ರಶ್ನೆಗೆ ಅಮುಲ್ ಬೆಣ್ಣೆಯ ಬಾಲಕಿ ನಿದರ್ಶನ. 1966ರಲ್ಲಿ ಸಿಲ್ವೆಸ್ಟರ್ ಡಕುನ್ಹಾ ನೇತೃತ್ವದ ಸಂಸ್ಥೆಯಲ್ಲಿ ಕಲಾ ನಿರ್ದೇಶಕ ಯುಸ್ಟೇಸ್ ಫರ್ನಾಂಡಿಸ್ ಅವಳನ್ನು ಚಿತ್ರಿಸಿದರು. ಇಬ್ಬರೂ ಕಾಲವಾದ ಮೇಲೂ ಆ ಬಾಲಕಿ ಮುಂದುವರಿದಿರುವುದಕ್ಕೆ, ಕೈ ಬದಲಾದರೂ ಕೆಲಸ ಬಿಡದ ಸಂಸ್ಥೆಯೊಂದು ಹಿಂದೆ ಇರುವುದೇ ಕಾರಣ.

ಗಡಿನಾಡಿನಲ್ಲಿ ಲಿಪಿಯ ಪರೀಕ್ಷೆ

ಬೆಳಗಾವಿ ಹಾಗೂ ಖಾನಾಪುರಗಳಲ್ಲಿ ಆಯ್ಕೆಗೆ ಮತ್ತೊಂದು ಒರೆಗಲ್ಲು ಇದೆ. ಇಲ್ಲಿಯ ಸರಕು ಕನ್ನಡ, ಮರಾಠಿ, ಇಂಗ್ಲಿಷ್ ಬಲ್ಲ ಮೂರೂ ಬಗೆಯ ಗ್ರಾಹಕರ ಕೈಗೆ ಹೋಗುತ್ತದೆ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮಕ್ಕೆ 2024ರಲ್ಲಿ ತಂದ ತಿದ್ದುಪಡಿಯಂತೆ ವಾಣಿಜ್ಯ ಸಂಸ್ಥೆಗಳ ನಾಮಫಲಕದಲ್ಲಿ ಶೇ. 60ರಷ್ಟು ಕನ್ನಡವಿರಬೇಕು, ಅದೂ ಫಲಕದ ಮೇಲರ್ಧದಲ್ಲಿ ಇರಬೇಕು. ಪೊಟ್ಟಣದ ಸರಕುಗಳ ನಿಯಮಗಳ ಪ್ರಕಾರ ನಿವ್ವಳ ತೂಕ, ಗರಿಷ್ಠ ಮಾರಾಟ ಬೆಲೆ, ತಯಾರಕರ ವಿಳಾಸ ಮುಂತಾದ ವಿವರಗಳು ದೇವನಾಗರಿ ಲಿಪಿಯ ಹಿಂದಿಯಲ್ಲಿ ಇಲ್ಲವೇ ಇಂಗ್ಲಿಷಿನಲ್ಲಿ ಇರಲೇಬೇಕು. ಜೊತೆಗೆ ಇತರ ಭಾಷೆಗಳನ್ನೂ ಬಳಸಬಹುದು. ತಿಂಡಿಯ ಡಬ್ಬಿಯಾದರೆ 14 ಅಂಕಿಗಳ ಆಹಾರ ಸುರಕ್ಷತಾ ಪರವಾನಗಿ ಸಂಖ್ಯೆ, ಒಳಗೊಂಡ ಪದಾರ್ಥಗಳ ಪಟ್ಟಿ, ಸಸ್ಯಾಹಾರದ ಹಸಿರು ಗುರುತು ಇವೂ ಸೇರಬೇಕು. ಇಷ್ಟೆಲ್ಲವನ್ನು ಅಂಗೈಯಗಲದ ಮುಚ್ಚಳದ ಮೇಲೆ ಅಂದಗೆಡದಂತೆ ಕೂರಿಸುವುದು ಸಾಮಾನ್ಯ ಕೆಲಸವಲ್ಲ.

ಇಂಗ್ಲಿಷಿನಲ್ಲಿ ಸೊಗಸಾಗಿ ಕೆಲಸ ಮಾಡುವ ಪರಊರಿನ ಸಂಸ್ಥೆ ಕನ್ನಡದಲ್ಲಿ ಎಡವುವುದುಂಟು. ವಿನ್ಯಾಸದ ಕೆಲವು ತಂತ್ರಾಂಶಗಳಲ್ಲಿ ಭಾರತೀಯ ಲಿಪಿಗಳ ಜೋಡಣೆಯ ವ್ಯವಸ್ಥೆಯನ್ನು ಬೇರೆಯಾಗಿ ಆರಿಸಿಕೊಳ್ಳಬೇಕು. ಮರೆತರೆ ಒತ್ತಕ್ಷರಗಳು ಕಳಚಿ ಪಕ್ಕಕ್ಕೆ ನಿಲ್ಲುತ್ತವೆ. ಹಳೆಯ ನುಡಿ, ಶ್ರೀಲಿಪಿ ಅಕ್ಷರಗಳಲ್ಲಿ ಮಾಡಿದ ಕಡತವನ್ನು ಆ ಫಾಂಟ್ ಇಲ್ಲದ ಮುದ್ರಣಾಲಯದಲ್ಲಿ ತೆರೆದರೆ ಅರ್ಥವಿಲ್ಲದ ಗುರುತುಗಳು ಕಾಣಿಸುತ್ತವೆ. ಭಾಷೆ ಬಲ್ಲವರ ಕಣ್ಣಿಗೆ ಬೀಳದೆ ಹೋದರೆ ಅದೇ ತಪ್ಪು ಹತ್ತು ಸಾವಿರ ಡಬ್ಬಿಗಳ ಮೇಲೆ ಅಚ್ಚಾಗಿಬಿಡುತ್ತದೆ. ಆದುದರಿಂದ ಯಾರನ್ನೇ ಆರಿಸುವ ಮುನ್ನ ಅವರು ಹಿಂದೆ ಮಾಡಿದ ಕನ್ನಡದ ಕೆಲಸವನ್ನು, ಕಂಪ್ಯೂಟರಿನ ಪರದೆಯ ಮೇಲಲ್ಲ, ಅಚ್ಚಾದ ಕಾಗದದ ಮೇಲೆ ನೋಡಬೇಕು. ಬಳಸುವ ಫಾಂಟಿಗೆ ಪರವಾನಗಿ ಇದೆಯೇ ಎಂದೂ ಕೇಳಬೇಕು. ಬಾಲೂ ತಮ್ಮ, ಅನೇಕ್ ಕನ್ನಡ, ನೋಟೊ ಸಾನ್ಸ್ ಕನ್ನಡ ಮುಂತಾದವು ವಾಣಿಜ್ಯ ಬಳಕೆಗೂ ಮುಕ್ತವಾಗಿ ದೊರೆಯುತ್ತವೆ.

ಹಣದ ಲೆಕ್ಕ

ದರಪಟ್ಟಿಗಳನ್ನು ಹೋಲಿಸುವಾಗ ಒಟ್ಟು ಮೊತ್ತಕ್ಕಿಂತ ಅದರೊಳಗೆ ಏನೇನು ಸೇರಿದೆ ಎಂಬುದು ಮುಖ್ಯ. ಎಷ್ಟು ಮಾದರಿಗಳನ್ನು ತೋರಿಸುತ್ತಾರೆ, ಎಷ್ಟು ಬಾರಿ ತಿದ್ದಿಕೊಡುತ್ತಾರೆ, ಛಾಯಾಚಿತ್ರ ಮತ್ತು ಅನುವಾದದ ಖರ್ಚು ಯಾರದು, ಮುದ್ರಣಾಲಯಕ್ಕೆ ಹೋಗಿ ಮೊದಲ ಪ್ರತಿಯನ್ನು ಪರಿಶೀಲಿಸುವವರು ಯಾರು ಎಂಬುದು ಮೊದಲೇ ತಿಳಿದಿರಬೇಕು. ಜಿ.ಎಸ್.ಟಿ. ನೋಂದಣಿ ಹೊಂದಿದ ಸಂಸ್ಥೆ ಬಿಲ್ಲಿನ ಮೇಲೆ ಶೇ. 18ರ ತೆರಿಗೆ ಸೇರಿಸುತ್ತದೆ. ಗ್ರಾಹಕರೂ ಸಾಮಾನ್ಯ ಪದ್ಧತಿಯಲ್ಲಿ ನೋಂದಾಯಿತರಾಗಿದ್ದರೆ ಅದನ್ನು ಹೂಡುವಳಿ ತೆರಿಗೆಯಾಗಿ ಹಿಂಪಡೆಯಬಹುದು; ನೋಂದಣಿ ಇಲ್ಲದ ಸಣ್ಣ ವ್ಯಾಪಾರಿಗೆ ಅದು ಪೂರ್ತಿ ಖರ್ಚೇ. ಸೇವೆಗಳಿಂದ ವಾರ್ಷಿಕ 20 ಲಕ್ಷ ರೂಪಾಯಿಯೊಳಗೆ ವಹಿವಾಟಿರುವ ಸ್ವತಂತ್ರ ವಿನ್ಯಾಸಕಾರರಿಗೆ ಸಾಮಾನ್ಯವಾಗಿ ನೋಂದಣಿ ಕಡ್ಡಾಯವಿಲ್ಲವಾದ್ದರಿಂದ ಅವರ ಬಿಲ್ಲಿನಲ್ಲಿ ಈ ತೆರಿಗೆ ಇರುವುದಿಲ್ಲ.

ಹಣವನ್ನು ಮೂರು ಕಂತುಗಳಲ್ಲಿ, ಅಂದರೆ ಆರಂಭಕ್ಕೆ, ಮಾದರಿ ಒಪ್ಪಿಗೆಯಾದಾಗ ಹಾಗೂ ಅಂತಿಮ ಕಡತ ಕೈಸೇರಿದಾಗ ಕೊಡುವುದು ಇಬ್ಬರಿಗೂ ಕ್ಷೇಮ. ಕೆಲಸ ಪಡೆದು ಹಣ ಸತಾಯಿಸುವುದೂ ಸರಿಯಲ್ಲ. ವಿನ್ಯಾಸಕಾರರು ಉದ್ಯಮ್ ನೋಂದಣಿ ಹೊಂದಿದ ಕಿರು ಅಥವಾ ಸಣ್ಣ ಉದ್ದಿಮೆಯಾಗಿದ್ದರೆ, 2006ರ ಎಂ.ಎಸ್.ಎಂ.ಇ. ಕಾಯ್ದೆಯಂತೆ ಒಪ್ಪಂದ ಏನೇ ಇದ್ದರೂ 45 ದಿನಗಳೊಳಗೆ ಹಣ ಸಲ್ಲಬೇಕು. ತಪ್ಪಿದರೆ ಬ್ಯಾಂಕ್ ದರದ ಮೂರರಷ್ಟು ಬಡ್ಡಿ ತೆರಬೇಕಾಗುತ್ತದೆ.

ಹಣ ಕೊಟ್ಟ ಮಾತ್ರಕ್ಕೆ ನಿಮ್ಮದಲ್ಲ

ಅತಿ ಹೆಚ್ಚು ಜನ ಗಮನಿಸದ ಸಂಗತಿ ಇದು. ಹಣ ಕೊಟ್ಟು ಬರೆಸಿದ ಲಾಂಛನ ತಾನಾಗಿಯೇ ತಮ್ಮ ಸ್ವತ್ತಾಗುತ್ತದೆ ಎಂದು ಬಹುತೇಕ ಉದ್ದಿಮೆದಾರರು ತಿಳಿದಿದ್ದಾರೆ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ ಕೃತಿಯ ಮೊದಲ ಮಾಲೀಕ ಅದನ್ನು ರಚಿಸಿದವನು. ನೌಕರಿಯ ಅಂಗವಾಗಿ ರಚಿಸಿದ್ದರೆ ಅವನ ಮಾಲೀಕ. ಛಾಯಾಚಿತ್ರ, ವರ್ಣಚಿತ್ರ, ಭಾವಚಿತ್ರಗಳಂಥ ಕೆಲವಕ್ಕೆ ಮಾತ್ರ, ಬೇರೆ ಒಪ್ಪಂದವಿಲ್ಲದಿದ್ದರೆ, ಹಣ ಕೊಟ್ಟು ಮಾಡಿಸಿದವನೇ ಮಾಲೀಕ. ಹೀಗಾಗಿ ಸ್ವತಂತ್ರ ವಿನ್ಯಾಸಕಾರರು ರೂಪಿಸಿದ ಲಾಂಛನದ ಹಕ್ಕು ಸಾಮಾನ್ಯವಾಗಿ ಅವರಲ್ಲೂ, ಸಂಸ್ಥೆಯ ನೌಕರರು ರೂಪಿಸಿದ್ದರ ಹಕ್ಕು ಆ ಸಂಸ್ಥೆಯಲ್ಲೂ ಇರುತ್ತದೆ. ಎರಡೂ ಕಡೆ ಗ್ರಾಹಕರ ಹೆಸರಿಲ್ಲ. ಸಂಸ್ಥೆಯು ಕೆಲಸವನ್ನು ಹೊರಗಿನವರಿಂದ ಮಾಡಿಸಿದ್ದರೆ, ಮೊದಲು ಅವರಿಂದ ಸಂಸ್ಥೆಗೆ, ಅನಂತರ ಸಂಸ್ಥೆಯಿಂದ ನಿಮಗೆ ಹಕ್ಕು ಬರಬೇಕಾಗುತ್ತದೆ.

ಪರಿಹಾರ ಸುಲಭವಿದೆ. ಅದೇ ಕಾಯ್ದೆಯ 19ನೇ ಕಲಮಿನಂತೆ ಹಕ್ಕಿನ ವರ್ಗಾವಣೆ ಬರಹದಲ್ಲಿರಬೇಕು, ವರ್ಗಾಯಿಸುವವರ ಸಹಿ ಇರಬೇಕು. ಆದರೆ ಬರೆಯುವಾಗ ಎಚ್ಚರ ಅಗತ್ಯ. ಅವಧಿಯನ್ನು ನಮೂದಿಸದಿದ್ದರೆ ವರ್ಗಾವಣೆ ಐದು ವರ್ಷಗಳಿಗೆ ಮಾತ್ರ ಎಂದೂ, ಪ್ರದೇಶವನ್ನು ನಮೂದಿಸದಿದ್ದರೆ ಭಾರತಕ್ಕೆ ಮಾತ್ರ ಎಂದೂ ಕಾನೂನು ಭಾವಿಸುತ್ತದೆ. ಉದ್ಯಮಬಾಗದಿಂದ ಹೊರದೇಶಕ್ಕೆ ಸರಕು ಕಳಿಸುವವರಿಗೆ ಈ ಒಂದು ಸಾಲಿನ ಕೊರತೆ ದುಬಾರಿಯಾದೀತು. "ಕೃತಿಸ್ವಾಮ್ಯದ ಪೂರ್ಣ ಅವಧಿಗೆ, ಎಲ್ಲ ದೇಶಗಳಿಗೆ" ಎಂದು ಸ್ಪಷ್ಟವಾಗಿ ಬರೆಸಿಕೊಳ್ಳುವುದು ಉಚಿತ. ವ್ಯಾಪಾರ ಚಿಹ್ನೆಯ ನೋಂದಣಿ ಬೇರೆಯದೇ ವಿಷಯ. ವ್ಯಕ್ತಿಗಳು ಹಾಗೂ ಸಣ್ಣ ಉದ್ದಿಮೆಗಳಿಗೆ 2017ರ ನಿಯಮಗಳಂತೆ ಪ್ರತಿ ವರ್ಗಕ್ಕೆ 4,500 ರೂಪಾಯಿ ಶುಲ್ಕದಲ್ಲಿ ಅಂತರ್ಜಾಲದ ಮೂಲಕ ಅರ್ಜಿ ಹಾಕಬಹುದಾಗಿದೆ. ನೋಂದಣಿ ಹತ್ತು ವರ್ಷ ಊರ್ಜಿತವಿದ್ದು, ನವೀಕರಿಸಬಹುದು.

ಹಕ್ಕಿನಷ್ಟೇ ಮುಖ್ಯವಾದುದು ಮೂಲ ಕಡತ. ಮೊಬೈಲಿಗೆ ಬಂದ ಜೆಪಿಜಿ ಚಿತ್ರ ಫಲಕದಷ್ಟು ದೊಡ್ಡದಾದಾಗ ಒಡೆದು ಕಾಣುತ್ತದೆ. ಎಷ್ಟು ಹಿಗ್ಗಿಸಿದರೂ ಕೆಡದ ವೆಕ್ಟರ್ ಕಡತ, ಅಕ್ಷರಗಳನ್ನು ರೇಖೆಗಳನ್ನಾಗಿ ಪರಿವರ್ತಿಸಿದ ಮುದ್ರಣದ ಪ್ರತಿ, ತಿದ್ದಲು ಬರುವ ಪ್ರತಿ, ಬಣ್ಣಗಳ ಅಳತೆ ಈ ನಾಲ್ಕೂ ಗ್ರಾಹಕರ ಬಳಿ ಇರಬೇಕು. 2014ರ ನವೆಂಬರ್ 1ರಂದು ನಗರದ ಇಂಗ್ಲಿಷ್ ಹೆಸರು ಅಧಿಕೃತವಾಗಿ ಬೆಳಗಾವಿ ಎಂದಾದಾಗ ಲೆಟರ್‌ಹೆಡ್ ಮತ್ತು ಡಬ್ಬಿಗಳನ್ನು ತಿದ್ದುವ ಸಂದರ್ಭ ಬಂತು. 2017ರ ಜುಲೈನಲ್ಲಿ ಜಿ.ಎಸ್.ಟಿ. ಜಾರಿಯಾದಾಗ ಬಿಲ್ ಪುಸ್ತಕಗಳ ಸರದಿ. ಮೂಲ ಕಡತ ಕೈಯಲ್ಲಿದ್ದವರಿಗೆ ಇಂಥದು ಅರ್ಧ ಗಂಟೆಯ ಕೆಲಸ. ಇಲ್ಲದವರಿಗೆ ಮೊದಲಿನಿಂದ ಹೊಸ ಖರ್ಚು.

ಯಾವ ಕೆಲಸಕ್ಕೆ ಯಾರು?

ಖಾನಾಪುರದ ಕುಂಬಾರಿಕೆ ಘಟಕವೊಂದಕ್ಕೆ ಹೆಸರಿನ ಗುರುತು, ಪಾತ್ರೆಗೆ ಕಟ್ಟುವ ಚೀಟಿ, ಒಂದು ಫಲಕ ಸಾಕೆಂದಿಟ್ಟುಕೊಳ್ಳೋಣ. ಸುಮಾರು 25 ಕಿ.ಮೀ. ದೂರದ ಬೆಳಗಾವಿಯಿಂದ ಬಂದು, ಭಟ್ಟಿಯ ಮುಂದೆ ನಿಂತು ಮಣ್ಣಿನ ಬಣ್ಣವನ್ನು ಕಣ್ಣಾರೆ ಕಾಣುವ ಸ್ವತಂತ್ರ ವಿನ್ಯಾಸಕಾರರೇ ಇಲ್ಲಿ ಮೇಲು. ಕುಂದಾ ತಯಾರಕರು ಒಂದೇ ಡಬ್ಬಿಯಿಂದ ಆರಂಭಿಸುವುದಾದರೂ ಒಬ್ಬರು ಸಾಕು; ಆದರೆ ಅವರಿಗೆ ಆಹಾರದ ಲೇಬಲ್ ನಿಯಮಗಳ ಅರಿವಿರಬೇಕು. ವರ್ಷವಿಡೀ ಹಬ್ಬಕ್ಕೊಂದು ಜಾಹೀರಾತು, ಹಲವು ಊರುಗಳಲ್ಲಿ ಶಾಖೆ, ವಿದೇಶಿ ಮೇಳಗಳಲ್ಲಿ ಮಳಿಗೆ ಇರುವ ಉದ್ದಿಮೆಗೆ ಸಂಸ್ಥೆಯೇ ಲೇಸು. ನಡುವಿನ ಮಾರ್ಗವೂ ಇದೆ. ಲಾಂಛನ ಮತ್ತು ಅದರ ಬಳಕೆಯ ನಿಯಮಗಳನ್ನು ಸಂಸ್ಥೆಯಿಂದ ಒಮ್ಮೆ ಮಾಡಿಸಿಕೊಂಡು, ದಿನನಿತ್ಯದ ಕೆಲಸವನ್ನು ಸ್ಥಳೀಯ ವಿನ್ಯಾಸಕಾರರಿಗೆ ವಹಿಸಬಹುದು. ಮೂಲ ಕಡತ ನಿಮ್ಮಲ್ಲಿದ್ದರೆ ಮಾತ್ರ ಇದು ಸಾಧ್ಯ.

ಸಂಸ್ಥೆಯೇ ಇರಲಿ, ಒಬ್ಬ ವ್ಯಕ್ತಿಯೇ ಇರಲಿ, ಕೆಲಸದ ವಿವರ, ತಿದ್ದುಪಡಿಗಳ ಸಂಖ್ಯೆ, ದಿನಾಂಕಗಳು, ಕಂತುಗಳು, ಕೊಡಬೇಕಾದ ಕಡತಗಳ ಪಟ್ಟಿ, ಹಕ್ಕಿನ ವರ್ಗಾವಣೆ ಮತ್ತು ನಡುವೆ ಕೆಲಸ ನಿಂತರೆ ಲೆಕ್ಕ ಹೇಗೆ ಎಂಬುದು, ಈ ಏಳು ವಿಷಯಗಳು ಎರಡು ಪುಟಗಳ ಕರಾರಿನಲ್ಲಿ ಅಡಕವಾಗುತ್ತವೆ. ಅಗ್ಗದ ಆಸೆಗೆ ಮುಗ್ಗಿದ ಜೋಳ ಕೊಂಡಂತೆ ಆಗಬಾರದೆಂಬುದು ಎಷ್ಟು ನಿಜವೋ, ದುಬಾರಿ ಬೆಲೆ ಕೊಟ್ಟೂ ತನ್ನ ಹೆಸರಿನ ಗುರುತನ್ನು ಮತ್ತೊಬ್ಬರ ಕಪಾಟಿನಲ್ಲಿ ಬಿಟ್ಟುಬರಬಾರದೆಂಬುದೂ ಅಷ್ಟೇ ನಿಜ. ಮುಂಗಡ ಕೊಡುವ ಮುನ್ನ ಆ ಎರಡು ಪುಟಗಳಿಗೆ ಸಹಿ ಬಿದ್ದಿರಲಿ.