ಸೊಂಟ ಹಿಡಿದರೆ ಅಂಗಾಲನ್ನೂ ನೋಡಿರಿ

ಕೊಟ್ಟಿಗೆಯಿಂದ ಹೊರಟ ಹಸು ಬೆನ್ನನ್ನು ಬಿಲ್ಲಿನಂತೆ ಬಾಗಿಸಿ ಹೆಜ್ಜೆಯಿಡುತ್ತಿದ್ದರೆ ದನ ಸಾಕಿ ಬಲ್ಲವರು ಅದರ ಬೆನ್ನಿಗೆ ಎಣ್ಣೆ ತಿಕ್ಕುವುದಿಲ್ಲ, ಕಾಲೆತ್ತಿ ಗೊರಸನ್ನು ನೋಡುತ್ತಾರೆ. ಹಸು ಎಷ್ಟು ಕುಂಟುತ್ತದೆಂದು ಅಳೆಯಲು ಪಶುವೈದ್ಯರು ಗಮನಿಸುವುದೂ ಬೆನ್ನಿನ ಈ ಬಾಗನ್ನೇ. ದನದ ವಿಷಯದಲ್ಲಿ ಇಷ್ಟು ತಿಳಿದ ನಾವು ನಮ್ಮದೇ ಸೊಂಟ ಹಿಡಿದಾಗ ಮಾತ್ರ ಅಂಗಾಲನ್ನು ಮರೆಯುತ್ತೇವೆ. ತೈಲ, ಬೆಲ್ಟು, ಎಕ್ಸ್‌ರೇ ಎಲ್ಲವೂ ಆಗುತ್ತವೆ. ಕಾಲಿನ ಚಪ್ಪಲಿಯನ್ನು ಮಗುಚಿ ನೋಡಿದವರು ವಿರಳ. ಕಾಸರಗೋಡು ಸೀಮೆಯ ಅಡಿಕೆ ತೋಟದಲ್ಲಿ, ರಬ್ಬರು ಗುಡ್ಡೆಯಲ್ಲಿ ದುಡಿಯುವವರಿಗೆ ಒಂದು ದಿನ ಸೊಂಟ ಹಿಡಿಯಿತೆಂದರೆ ಒಂದು ದಿನದ ಕೂಲಿ ಹೋಯಿತೆಂದೇ ಅರ್ಥ. ಆದಕಾರಣ ಈ ವಾರ ಕೃಷಿಯ ಪುಟದಲ್ಲಿ ಪಾದದ ವಿಚಾರವನ್ನು ಎತ್ತಿಕೊಂಡಿದ್ದೇವೆ.

ಒಂದೊಂದು ಪಾದದಲ್ಲಿಯೂ 26 ಎಲುಬುಗಳಿವೆ. ಅವು ಕೂಡಿ ಕಮಾನಾಗಿ ನಿಂತಿವೆ. ಈ ಕಮಾನಿಗೆ ಎರಡು ಕೆಲಸ, ಅದೂ ಒಂದಕ್ಕೊಂದು ವಿರುದ್ಧವಾದವು. ಹಿಮ್ಮಡಿ ನೆಲ ಮುಟ್ಟಿದೊಡನೆ ಪಾದ ತುಸು ಒಳಕ್ಕೆ ವಾಲಿ ಸಡಿಲವಾಗುತ್ತದೆ. ಹಾಗಾಗಿ ನೆಲದ ಏರುತಗ್ಗಿಗೆ ಹೊಂದಿಕೊಂಡು ಪೆಟ್ಟನ್ನು ನುಂಗುತ್ತದೆ. ಮೈಭಾರ ಮುಂದೆ ಸರಿದು ಬೆರಳುಗಳ ಮೇಲೆ ಬಂದಾಗ ಅದೇ ಪಾದ ಬಿಗಿದು ಸನ್ನೆಗೋಲಿನಂತೆ ನಮ್ಮನ್ನು ಮುಂದಕ್ಕೆ ನೂಕುತ್ತದೆ. ಈ ಬಿಗಿತ ಬರುವ ಬಗೆಯನ್ನು ಇಂಗ್ಲೆಂಡಿನ ಜೆ. ಎಚ್. ಹಿಕ್ಸ್ ಎಂಬವರು 1954ರಲ್ಲಿ ವಿವರಿಸಿದರು. ಹಿಮ್ಮಡಿಯಿಂದ ಬೆರಳುಗಳ ಬುಡದವರೆಗೆ ಅಂಗಾಲಿನಲ್ಲಿ ಗಟ್ಟಿ ನಾರಿನ ಪಟ್ಟಿಯೊಂದಿದೆ. ಹೆಬ್ಬೆರಳು ಮೇಲಕ್ಕೆ ಬಾಗಿದಾಗ ಪಟ್ಟಿ ಅದರ ಬುಡಕ್ಕೆ ಸುತ್ತಿಕೊಳ್ಳುತ್ತದೆ. ತಿರುಗಣೆಗೆ ಹಗ್ಗ ಸುತ್ತಿದಾಗ ಕೊಡ ಮೇಲೇರುವಂತೆ ಕಮಾನು ಮೇಲೇರುತ್ತದೆ. ನಿಂತಿದ್ದವರ ಹೆಬ್ಬೆರಳನ್ನು ಕೈಯಿಂದ ಎತ್ತಿದರೆ ಇದನ್ನು ಕಣ್ಣಾರೆ ಕಾಣಬಹುದು.

ಪಾದ ಒಳಕ್ಕೆ ವಾಲುವುದು ದೋಷವಲ್ಲ. ಅತಿಯಾಗಿ ವಾಲಿ, ಬಿಗಿಯಬೇಕಾದ ಹೊತ್ತಿಗೆ ಬಿಗಿಯದಿದ್ದರೆ ತೊಂದರೆ ಶುರುವಾಗಬಹುದು. ಪಾದದೊಡನೆ ಮೊಣಕಾಲ ಕೆಳಗಿನ ಎಲುಬು ಒಳಕ್ಕೆ ತಿರುಗುತ್ತದೆ, ಅದರೊಡನೆ ತೊಡೆಯೂ ತಿರುಗುತ್ತದೆ. ಒಂಟಿಕಾಲಿನ ಮೇಲೆ ಭಾರವಿರುವಾಗ ಸೊಂಟವನ್ನು ಮಟ್ಟವಾಗಿ ಹಿಡಿಯುವವು ಸೊಂಟದ ಹೊರಬದಿಯ ಸ್ನಾಯುಗಳು. ಒಳತಿರುಗಿದ ತೊಡೆಯನ್ನೂ ತಡೆಯುವ ಹೊರೆ ಅವುಗಳ ಮೇಲೆ ಬೀಳುತ್ತದೆ. ದಿನಕ್ಕೆ ಸಾವಿರಾರು ಹೆಜ್ಜೆ, ಮೇಲೆ ತಲೆಹೊರೆ ಸೊಪ್ಪು. ಅವು ದಣಿದವೆಂದರೆ ಸೊಂಟ ಒಂದು ಕಡೆಗೆ ಜಾರುತ್ತದೆ, ಅದನ್ನು ಸರಿಹೊಂದಿಸಲು ಬೆನ್ನಿನ ಕೆಳಭಾಗ ಇನ್ನೊಂದು ಕಡೆಗೆ ಬಾಗುತ್ತದೆ. ಇದು ಮೇಲಿನಿಂದ ಕೆಳಕ್ಕೂ ನಡೆಯುವ ವ್ಯವಹಾರವೆಂಬುದನ್ನು ಮರೆಯಬಾರದು: ಸೊಂಟದ ಸ್ನಾಯು ಮೊದಲೇ ಬಲಹೀನವಾಗಿದ್ದರೆ ತೊಡೆ ಒಳಕ್ಕೆ ಬಿದ್ದು ಪಾದವನ್ನೂ ಎಳೆಯುತ್ತದೆ.

ನಮ್ಮ ಕೆಲಸದ ನೆಲವೂ ಇದಕ್ಕೆ ಸೇರಿಕೊಳ್ಳುತ್ತದೆ. ಗುಡ್ಡೆಯ ಓರೆಯಲ್ಲಿ ಅಡ್ಡಲಾಗಿ ನಡೆಯುವಾಗ ಮೇಲುಬದಿಯ ಪಾದ ಒಳಕ್ಕೂ ಕೆಳಬದಿಯ ಪಾದ ಹೊರಕ್ಕೂ ವಾಲುತ್ತದೆ. ಒಂದು ಕಾಲು ಉದ್ದ, ಒಂದು ಗಿಡ್ಡವಾದಂತೆಯೇ ಸರಿ. ರಬ್ಬರು ಹಾಲು ತೆಗೆಯುವವರು ದಿನಾ ಒಂದೇ ದಿಕ್ಕಿನಿಂದ ಸಾಲು ಹಿಡಿದರೆ ಯಾವಾಗಲೂ ಅದೇ ಕಾಲಿಗೆ ಅದೇ ಎಳೆತ. ಸಡಿಲವಾದ ಗಂಬೂಟಿನಲ್ಲಿ ಹಿಮ್ಮಡಿ ಜಾರಾಡುತ್ತದೆ. ಹವಾಯಿ ಚಪ್ಪಲಿಯನ್ನೋ ಬೆರಳುಗಳಿಂದ ಕಚ್ಚಿ ಹಿಡಿದೇ ನಡೆಯಬೇಕು. ಸವೆದು ಓರೆಯಾದ ಚಪ್ಪಲಿಯನ್ನು ಇನ್ನೊಂದು ಮಳೆಗಾಲಕ್ಕೆ ಆದೀತೆಂದು ಉಳಿಸುವ ನಮ್ಮ ಮಿತವ್ಯಯ ಈ ಒಂದು ಕಡೆ ಲಾಭದ್ದಲ್ಲ.

ಇಷ್ಟು ಓದಿ, ಚಪ್ಪಟೆ ಪಾದದವರೆಲ್ಲ ರೋಗಿಗಳೆಂದು ಯಾರೂ ಹೆದರಬೇಕಾಗಿಲ್ಲ. ಕಮಾನು ತಗ್ಗಾಗಿದ್ದೂ ಜೀವಮಾನವಿಡೀ ನೋವಿಲ್ಲದೆ ದುಡಿದವರು ಬೇಕಾದಷ್ಟು ಮಂದಿ ಇದ್ದಾರೆ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನ ಜನರನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದ ವರದಿಯಲ್ಲಿ, ನಿಂತಾಗಿನ ಪಾದದ ಆಕಾರಕ್ಕೂ ಬೆನ್ನುನೋವಿಗೂ ಸಂಬಂಧ ಕಾಣಲಿಲ್ಲ. ನಡೆಯುವಾಗ ಪಾದ ಹೆಚ್ಚು ಒಳವಾಲುವುದಕ್ಕೂ ಬೆನ್ನುನೋವಿಗೂ ಸಂಬಂಧ ಕಂಡಿತು, ಅದೂ ಹೆಂಗಸರಲ್ಲಿ ಮಾತ್ರ. ನೋಡಬೇಕಾದ್ದು ಪಾದದ ರೂಪವನ್ನಲ್ಲ, ಅದರ ನಡಿಗೆಯನ್ನು. ಊರಿನ ಶಿಬಿರಗಳಲ್ಲಿ ಅಂಗಾಲಿನ ಅಚ್ಚು ತೆಗೆದು, ಬಣ್ಣದ ಚಿತ್ರ ತೋರಿಸಿ, ಸಾವಿರಾರು ರೂಪಾಯಿಯ ಅಟ್ಟೆ ಮಾರುವವರು ಈ ಭೇದವನ್ನು ಹೇಳುವುದಿಲ್ಲ. ಬೂಟಿನೊಳಗಿಡುವ ಅಟ್ಟೆಗಳು ಬೆನ್ನುನೋವು ಬಾರದಂತೆ ತಡೆಯುವುದಿಲ್ಲವೆಂದು ಕಾಕ್ರೇನ್ ಸಂಸ್ಥೆಯ 2007ರ ಪರಿಶೀಲನೆ ಹೇಳಿದೆ.

ಮಕ್ಕಳ ಮಾತು ಬೇರೆ. ಮಣಿಪಾಲದ ವೈದ್ಯರಾದ ರಾವ್ ಮತ್ತು ಜೋಸೆಫ್ 2,300 ಮಕ್ಕಳ ಹೆಜ್ಜೆಗುರುತು ಪರಿಶೀಲಿಸಿ 1992ರಲ್ಲಿ ಪ್ರಕಟಿಸಿದ ಪ್ರಕಾರ, ಪಾದರಕ್ಷೆ ಹಾಕುವವರಲ್ಲಿ ನೂರಕ್ಕೆ 8.6 ಮಂದಿಗೆ, ಬರಿಗಾಲಿನವರಲ್ಲಿ 2.8 ಮಂದಿಗೆ ಚಪ್ಪಟೆ ಪಾದವಿತ್ತು. ಬೆರಳು ಮುಚ್ಚುವ ಬೂಟು ಹಾಕುವವರಲ್ಲಿ ಅದು ಎಲ್ಲರಿಗಿಂತ ಹೆಚ್ಚು. ಮಗು ಮನೆಯೊಳಗೆ, ಜಗಲಿಯಲ್ಲಿ ಬರಿಗಾಲಲ್ಲೇ ಆಡಲಿ. ತೋಟಕ್ಕೆ ಮಾತ್ರ ಬೇಡ, ಅಲ್ಲಿ ಕೊಕ್ಕೆಹುಳವೂ ಹಾವೂ ಇವೆ.

ಪರೀಕ್ಷೆಯನ್ನು ಮನೆಯಲ್ಲೇ ಮಾಡಬಹುದು. ಹಳೆಯ ಚಪ್ಪಲಿಯನ್ನು ಮಗುಚಿರಿ. ಹಿಮ್ಮಡಿಯ ಹೊರ ಅಂಚು ತುಸು ಹೆಚ್ಚು ಸವೆದಿರುವುದು ಸಹಜ. ಒಳ ಅಂಚು ಸವೆದಿದ್ದರೆ, ಅಥವಾ ಎರಡು ಚಪ್ಪಲಿಗಳ ಸವೆತ ಬೇರೆಬೇರೆಯಾಗಿದ್ದರೆ ಗಮನಿಸಬೇಕು. ಆಮೇಲೆ ಗೋಡೆ ಹಿಡಿದು ಒಂದೇ ಕಾಲಿನ ತುದಿಬೆರಳ ಮೇಲೆ ಎದ್ದು ನಿಲ್ಲಿರಿ. ಕಮಾನು ಮೂಡಿ, ಹಿಮ್ಮಡಿ ಒಳಕ್ಕೆ ತಿರುಗಿದರೆ ಪಾದ ಕೆಲಸ ಮಾಡುತ್ತಿದೆ. ಏಳಲಾಗದಿದ್ದರೆ ಅಥವಾ ಒಳಗಿನ ಹರಡಿನ ಬಳಿ ನೋವಾದರೆ ವೈದ್ಯರಿಗೆ ತೋರಿಸತಕ್ಕದ್ದು. ಹೋಗುವಾಗ ಹಳೆಯ ಚಪ್ಪಲಿಯನ್ನೂ ಒಯ್ಯಿರಿ. ವೈದ್ಯರಿಗೆ ಕನ್ನಡ ಬಾರದಿದ್ದರೂ, ನಮಗೆ ಮಲಯಾಳ ತೊಡಕಾದರೂ, ಚಪ್ಪಲಿಯ ಅಡಿಯನ್ನು ಅವರು ಓದಿಕೊಳ್ಳುತ್ತಾರೆ.

ಮಾಡಬೇಕಾದ್ದು ಹೆಚ್ಚಿಲ್ಲ. ಜಗಲಿಯ ಮೆಟ್ಟಿಲಂಚಿನಲ್ಲಿ ನಿಂತು ಹಿಮ್ಮಡಿಯನ್ನು ನಿಧಾನವಾಗಿ ಎತ್ತಿ ಇಳಿಸುವುದು ಹತ್ತು ಸಲ. ಇದರಿಂದ ಮೀನಖಂಡಕ್ಕೆ ಬಲವೂ ಸಡಿಲವೂ ಬರುತ್ತದೆ, ಬಿಗಿದ ಮೀನಖಂಡವೇ ಎಷ್ಟೋ ಪಾದಗಳನ್ನು ಚಪ್ಪಟೆಯಾಗಿಸುವುದು. ಬೆರಳು ಮಡಿಸದೆ ಪಾದದ ಮುಂಭಾಗವನ್ನು ಹಿಮ್ಮಡಿಯ ಕಡೆಗೆ ಎಳೆದು ಹಿಡಿಯುವುದು ಇನ್ನೊಂದು. ಮಗ್ಗುಲಾಗಿ ಮಲಗಿ ಮೇಲಿನ ಕಾಲನ್ನು ನೆಟ್ಟಗೆ ಎತ್ತುವುದು ಸೊಂಟದ ಹೊರಬದಿಗೆ. ಎರಡು ಮೂರು ತಿಂಗಳು ಬಿಡದೆ ನಡೆಸಿದರೆ ಬಲ ಕೂಡುತ್ತದೆ, ವಾರದಲ್ಲಿ ಅಲ್ಲ. ಚಪ್ಪಲಿ ಕೊಳ್ಳುವಾಗ ಹಿಂದೆ ಪಟ್ಟಿಯಿರುವ, ನಡುವೆ ಮಡಿಯದೆ ಬೆರಳ ಬುಡದಲ್ಲಿ ಮಾತ್ರ ಬಾಗುವಂಥದನ್ನು ಆರಿಸಿರಿ. ಗುಡ್ಡೆಯ ಸಾಲನ್ನು ಒಂದು ದಿನ ಈ ಕಡೆಯಿಂದ, ಮರುದಿನ ಆ ಕಡೆಯಿಂದ ಹಿಡಿಯಿರಿ. ಸಕ್ಕರೆಕಾಯಿಲೆಯವರು ಬರಿಗಾಲಲ್ಲಿ ನಡೆಯಬಾರದು, ದಿನಾ ರಾತ್ರಿ ಅಂಗಾಲನ್ನು ನೋಡಿಕೊಳ್ಳಬೇಕು.

ಎಲ್ಲ ಸೊಂಟನೋವೂ ಪಾದದಿಂದ ಬಂದದ್ದಲ್ಲ. ನೋವು ಕಾಲಿಗಿಳಿದು ಜೋಮು ಹಿಡಿದರೆ, ಪಾದ ಎತ್ತಲಾಗದಿದ್ದರೆ, ಜ್ವರವೋ ಮೈ ಇಳಿಯುವುದೋ ಜೊತೆಗಿದ್ದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ಮೂತ್ರದ ಮೇಲೆ ಹಿಡಿತ ತಪ್ಪಿದರೆ, ತೊಡೆಸಂದಿಯ ಸುತ್ತ ಸ್ಪರ್ಶ ತಿಳಿಯದಾದರೆ ಬೆಳಗಾಗಲೆಂದು ಕಾಯದೆ ಆ ರಾತ್ರಿಯೇ ವಾಹನ ಮಾಡಿ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ.