ಬೆಳ್ಳಿಯಿಲ್ಲದ ಬೆಳ್ಳಿಯ ವಂಶಾವಳಿ

ಶ್ರಾವಣ ಸಮೀಪಿಸಿತೆಂದರೆ ಬೆಂಗಳೂರಿನ ವಿಜಯನಗರ, ಬಸವೇಶ್ವರನಗರಗಳ ಅಂಗಡಿಗಳಲ್ಲಿ ವರಮಹಾಲಕ್ಷ್ಮಿಯ ಮುಖವಾಡ, ಕಳಶದ ಚೊಂಬು, ಕುಂಕುಮಭರಣಿಗಳು ಬೆಳ್ಳಿಯ ಮಗ್ಗುಲಲ್ಲಿಯೇ ಬೆಳ್ಳಿಗಿಂತಲೂ ಹೆಚ್ಚಾಗಿ ಥಳಥಳಿಸುತ್ತ ಕುಳಿತಿರುವುವು. ಅವು ಜರ್ಮನ್ ಸಿಲ್ವರಿನವು. ತಾಮ್ರ, ನಿಕ್ಕಲ್, ಸತುವುಗಳ ಮಿಶ್ರಣವಾದ ಈ ಲೋಹದಲ್ಲಿ ಗುಲಗಂಜಿಯಷ್ಟೂ ಬೆಳ್ಳಿಯಿಲ್ಲ. ಈಗಂತೂ ಹೊಳೆಯುವ ಬಿಳಿಯ ಲೋಹಕ್ಕೆಲ್ಲ ಅದೇ ಹೆಸರು.

ಇದರ ಜನ್ಮವೃತ್ತಾಂತ ಸ್ವಾರಸ್ಯವಾದುದು. ಸ್ಯಾಕ್ಸನಿಯ ಗಣಿಗಾರರು, ತಾಮ್ರದಂತೆ ತೋರಿ ತಾಮ್ರವನ್ನು ಕೊಡದ ಅದಿರೊಂದನ್ನು ಭೂತಚೇಷ್ಟೆಯೆಂದು ಶಪಿಸುತ್ತಿದ್ದರು. ಆ ಭೂತದ ಹೆಸರೇ ಮುಂದೆ, 1751ರಲ್ಲಿ ಸ್ವೀಡನ್ನಿನ ಕ್ರೋನ್‌ಸ್ಟೆಟ್ ಬೇರ್ಪಡಿಸಿದ ನಿಕ್ಕಲ್ ಲೋಹಕ್ಕೆ ನಿಂತಿತು. ಇತ್ತ ಚೀನೀಯರು ಬಹುಕಾಲದಿಂದ ಎರಕ ಹೊಯ್ಯುತ್ತಿದ್ದ ‘ಪಾಕ್‌ತಾಂಗ್’ ಎಂಬ ಬಿಳಿಯ ಲೋಹದಲ್ಲಿರುವುದೂ ಅದೇ ನಿಕ್ಕಲ್ ಎಂದು ತಿಳಿದಮೇಲೆ ಯೂರೋಪಿನವರು ಸುಮ್ಮನಿರುವರೆ? ಬೆಳ್ಳಿಯನ್ನು ಹೋಲುವ ಅಗ್ಗದ ಲೋಹಕ್ಕಾಗಿ ಪ್ರಷ್ಯದ ಕೈಗಾರಿಕಾ ಸಂಘವು ಬಹುಮಾನವನ್ನು ಘೋಷಿಸಿತು. 1823ರ ಸುಮಾರಿಗೆ ಬರ್ಲಿನ್ನಿನ ಹೆನ್ನಿಗರ್ ಸಹೋದರರೂ ಷ್ನೇಬರ್ಗಿನ ಗೈಟ್ನರನೂ ಒಂದೇ ಮಿಶ್ರಣವನ್ನು ಎರಡು ಹೆಸರುಗಳಿಂದ ಸಿದ್ಧಗೊಳಿಸಿದರು. ನನ್ನ ಪಕ್ಷಪಾತವೆಲ್ಲ ಗೈಟ್ನರನ ಕಡೆಗೇ. ನೀಲಿಬಣ್ಣದ ಕಾರ್ಖಾನೆಗಳು ಹೊರಗೆಸೆಯುತ್ತಿದ್ದ ಕಿಟ್ಟದಿಂದ ನಿಕ್ಕಲನ್ನು ತೆಗೆದು ಊಟದ ಮೇಜಿಗೆ ಏರಿಸಿದವನು ಅವನು.

1840ರಲ್ಲಿ ಬರ್ಮಿಂಗ್‌ಹ್ಯಾಮಿನ ಎಲ್ಕಿಂಗ್ಟನ್ನರು ವಿದ್ಯುತ್ತಿನಿಂದ ಬೆಳ್ಳಿಲೇಪ ಮಾಡುವ ಹಕ್ಕನ್ನು ಪಡೆದ ಬಳಿಕ ಈ ಲೋಹಕ್ಕೆ ನಿಜವಾದ ಬೆಳ್ಳಿಯ ಹೊದಿಕೆಯೂ ದೊರೆಯಿತು. ಕಪಟ ಆರಂಭವಾದುದೂ ಅಲ್ಲಿಂದಲೇ. ಹಳೆಯ ಚಮಚದ ಹಿಡಿಯನ್ನು ಮಗುಚಿ ನೋಡಿರಿ: ‘ಇ.ಪಿ.ಎನ್.ಎಸ್.’ ಎಂಬ ನಾಲ್ಕು ಅಕ್ಷರಗಳು, ಒಂದೊಂದೂ ತನ್ನದೇ ಪುಟ್ಟ ಗುರಾಣಿಯೊಳಗೆ, ದೂರದಿಂದ ಸಾಕ್ಷಾತ್ ಆಂಗ್ಲ ಪರೀಕ್ಷಾಲಯದ ಮುದ್ರೆಗಳಂತೆಯೇ ಸಾಲಾಗಿ ಕುಳಿತಿರುವುವು. ಅವುಗಳ ಅರ್ಥವೋ, ನಿಕ್ಕಲ್ ಸಿಲ್ವರಿನ, ಎಂದರೆ ಇದೇ ಜರ್ಮನ್ ಸಿಲ್ವರಿನ, ಮೇಲೆ ವಿದ್ಯುಲ್ಲೇಪ ಎಂದಷ್ಟೆ. ನಿಜವಾದ ಬೆಳ್ಳಿಯ ಮುದ್ರೆಯಾದ ನಡೆಯುವ ಸಿಂಹ ಮತ್ತು 1000ಕ್ಕೆ 925 ಭಾಗ ಬೆಳ್ಳಿಯೆಂಬ ಆಶ್ವಾಸನೆ, ಇವೆರಡೂ ಆ ಸಾಲಿನಲ್ಲಿ ಇರುವುದಿಲ್ಲ. ಶೆಫೀಲ್ಡಿನ ಲೇಪಗಾರರಂತೂ ಆ ಊರಿನ ಪರೀಕ್ಷಾಲಯದ್ದೇ ಕಿರೀಟಮುದ್ರೆಯನ್ನು ಒತ್ತುತ್ತಿದ್ದರು. 1896ರಲ್ಲಿ ಅದನ್ನು ನಿಷೇಧಿಸಬೇಕಾಯಿತು.

ನಮ್ಮಲ್ಲಿ ಅಂತಹ ಕಡ್ಡಾಯದ ಪರೀಕ್ಷೆ ಇರಲಿಲ್ಲ. ಬೆಂಗಳೂರು ದಂಡಿನ ಬಾರ್ಟನ್, ಮದರಾಸಿನ ಪಿ. ಆರ್ ಅಂಡ್ ಸನ್ಸ್ ಮೊದಲಾದ ಅಂಗಡಿಯವರು ತಮ್ಮ ಹೆಸರನ್ನೇ ಒತ್ತಿದರು. ಪೇಟೆಯ ಅಕ್ಕಸಾಲಿಗನಿಗೆ ಅವನ ಮಾತೇ ಮುದ್ರೆ.

1949ರಲ್ಲಿ ರಾಜಗೋಪಾಲಾಚಾರಿಯವರ ಹೆಸರಿನಲ್ಲಿ ರಾಜಾಜಿನಗರ ತಲೆಯೆತ್ತಿದ ತರುವಾಯ ಅದರ ಕಾರ್ಖಾನೆಗಳ ಸಂದಿಗಳಲ್ಲಿ ಪ್ಲೇಟಿಂಗ್ ಅಂಗಡಿಗಳೂ ಸೇರಿಕೊಂಡವು. ತಾಮ್ರದ ತಂತಿಗೆ ಸಿಕ್ಕಿಸಿದ ಪಾತ್ರೆಯನ್ನು ಸಯನೈಡ್ ಬೆರೆತ ದ್ರಾವಣದಲ್ಲಿ ಇಳಿಬಿಟ್ಟರೆ, ಎದುರಿಗಿರುವ ಬೆಳ್ಳಿಯ ತಗಡು ಕರಗಿ ಕರಗಿ ಪಾತ್ರೆಯ ಮೈಗೆ ಹತ್ತುವುದು. ದಿನಬಳಕೆಯಲ್ಲಿ ಲೇಪ ಸವೆಯುವುದು ಮೊದಲು ಕಂಠದ ಅಂಚಿನಲ್ಲಿ. ಅಲ್ಲಿ ಹಳದಿ ಇಣುಕಿದರೆ ಒಳಗಿರುವುದು ಹಿತ್ತಾಳೆ.

ಬೆಳ್ಳಿಗೆ ಸರ್ಕಾರದ ಹಾಲ್‌ಮಾರ್ಕ್ ಬಂದುದು 2005ರಲ್ಲಿ; 2025ರ ಸೆಪ್ಟೆಂಬರ್ 1ರಿಂದ ಪ್ರತಿ ಒಡವೆಗೂ ಬೇರೆ ಬೇರೆ ಗುರುತುಸಂಖ್ಯೆ ನೀಡುವ ಕ್ರಮವೂ ಸೇರಿದೆ. ಆದರೂ ಚಿನ್ನಕ್ಕಿರುವ ಕಡ್ಡಾಯ ಬೆಳ್ಳಿಗಿಲ್ಲವಾದುದರಿಂದ ಕೊಳ್ಳುವವರೇ ಬಾಯಿಬಿಟ್ಟು ಕೇಳಬೇಕು. ಇನ್ನು ಅಜ್ಜಿಯ ಕಾಲದ ಪಂಚಪಾತ್ರೆಯಲ್ಲಿರುವುದೋ, ಕೊಟ್ಟವರ ಹೆಸರೂ ಊರೂ ಚುಕ್ಕೆಚುಕ್ಕೆಯಾಗಿ ಕೊರೆದ ಒಂದು ಸಾಲು ಮಾತ್ರ. ಅದನ್ನು ಬದಲಾಯಿಸಲು ಒಯ್ದರೆ ಅಂಗಡಿಯವರು ಆ ಸಾಲನ್ನು ಓದುವ ಗೋಜಿಗೇ ಹೋಗದೆ, ಟಚ್ ಕಡಿಮೆಯೆಂದು ಒಂದಿಷ್ಟು, ಬೆಸುಗೆಯೆಂದು ಮತ್ತಿಷ್ಟು ತೂಕ ಕಳೆದು ಬೆಲೆ ಕಟ್ಟುತ್ತಾರೆ.