ಗೃಹದ ವಿದ್ಯುದ್ವಾಹನ ಚಾರ್ಜರೂ ಅರ್ಹ ತಂತಿಗೆಲಸಗಾರನೂ

1. ಪೀಠಿಕೆ

ವಿದ್ಯುಚ್ಛಕ್ತಿಯು ಕನ್ನಡನಾಡಿಗೆ ಹೊಸದಲ್ಲ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳು ಅದರಿಂದ ಬೆಳಗಿದುವು. ಆ ಕಾಲದಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಹುಬ್ಬಳ್ಳಿಗೂ ಈ ವಿಷಯದಲ್ಲಿ ತನ್ನದೇ ಆದ ಚರಿತ್ರೆಯುಂಟು. ಹುಬ್ಬಳ್ಳಿ ಎಲೆಕ್ಟ್ರಿಸಿಟಿ ಕಂಪನಿಗೂ ಮುಂಬಯಿ ಪ್ರಾಂತ ಸರಕಾರಕ್ಕೂ ಪರವಾನಗಿಯ ರದ್ದಿಯಾತಿಯ ಕುರಿತು ನಡೆದ ವ್ಯಾಜ್ಯವು ಲಂಡನ್ನಿನ ಪ್ರೀವಿ ಕೌನ್ಸಿಲಿನವರೆಗೆ ಹೋಗಿ, ಅದರ ತೀರ್ಪು 1949ರ ನ್ಯಾಯವರದಿಗಳಲ್ಲಿ ಪ್ರಕಟವಾಯಿತು. ವಿದ್ಯುತ್ತನ್ನು ಕೈಗೊಳ್ಳುವವನಿಗೆ ಪರವಾನಗಿಯು ಸಾರ್ವಜನಿಕ ಹಿತದ ಮೇರೆಗೆ ದೊರೆತದ್ದು, ಆ ಹಿತಕ್ಕೆ ಕುಂದು ಬಂದಲ್ಲಿ ಹಿಂದೆಗೆಯಲ್ಪಡತಕ್ಕದ್ದು ಎಂಬ ತತ್ತ್ವವು ಈ ಊರಿಗೆ ಹೀಗೆ ಹಳೆಯ ಪರಿಚಯದ್ದೇ ಆಗಿದೆ.

ಇಂದು ಅದೇ ತತ್ತ್ವವು ಬೇರೊಂದು ರೂಪದಲ್ಲಿ ಮನೆಯಂಗಳಕ್ಕೆ ಬಂದು ನಿಂತಿದೆ. 2001ರಲ್ಲಿ ಬೆಂಗಳೂರಿನಿಂದ ರೇವಾ ಎಂಬ ವಿದ್ಯುತ್ ಕಾರು ಹೊರಬಂದಿತು. 2017ರಲ್ಲಿ ಕರ್ನಾಟಕವು ವಿದ್ಯುದ್ವಾಹನಗಳಿಗಾಗಿ ಪ್ರತ್ಯೇಕ ನೀತಿಯನ್ನು ಪ್ರಕಟಿಸಿತು. ಹುಬ್ಬಳ್ಳಿಯ ಕೇಶ್ವಾಪುರದಂಥ ಬಡಾವಣೆಯಲ್ಲಿ, ಹಳೆಯ ಬಂಗಲೆಗಳೂ ಹೊಸ ಅಪಾರ್ಟ್‌ಮೆಂಟುಗಳೂ ಒಂದರ ಪಕ್ಕದಲ್ಲೊಂದು ನಿಂತಿರುವಲ್ಲಿ, ಕಾರು ಕೊಂಡವನ ಮೊದಲ ಪ್ರಶ್ನೆಯು, ಇದಕ್ಕೆ ಮನೆಯಲ್ಲಿ ವಿದ್ಯುತ್ತು ತುಂಬುವ ಏರ್ಪಾಡನ್ನು ಯಾರಿಂದ ಮಾಡಿಸಬೇಕು ಎಂಬುದು. ಉತ್ತರವು ಸುಲಭವೆಂದು ತೋರುವುದು: ಅರ್ಹನಾದವನಿಂದ. ಆದರೆ ಅರ್ಹತೆಯೆಂದರೇನು? ಅದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶವು.

2. ಯಂತ್ರದ ಸ್ವರೂಪ

ಗೋಡೆಗೆ ತೂಗುಹಾಕುವ ಪೆಟ್ಟಿಗೆಯನ್ನು ಜನರು ಚಾರ್ಜರೆಂದು ಕರೆಯುವರು. ವಾಸ್ತವವಾಗಿ ಬ್ಯಾಟರಿಯನ್ನು ತುಂಬುವ ಯಂತ್ರವು ಕಾರಿನೊಳಗೇ ಇರುತ್ತದೆ. ಮನೆಯ ಪರ್ಯಾಯ ಪ್ರವಾಹವನ್ನು ಅದು ಏಕಮುಖ ಪ್ರವಾಹವನ್ನಾಗಿ ಮಾಡಿಕೊಳ್ಳುತ್ತದೆ. ಗೋಡೆಯ ಪೆಟ್ಟಿಗೆಯು ಒಬ್ಬ ಜಾಗರೂಕನಾದ ದ್ವಾರಪಾಲಕನಂತೆ. ಕಾರಿನೊಡನೆ ಸಂಕೇತಗಳನ್ನು ವಿನಿಮಯಮಾಡಿಕೊಂಡು, ಎಲ್ಲವೂ ಸರಿಯಾಗಿದ್ದಲ್ಲಿ ಮಾತ್ರ ಬಾಗಿಲನ್ನು ತೆರೆಯುವುದು, ದೋಷ ಕಂಡಲ್ಲಿ ಮುಚ್ಚುವುದು ಅದರ ಕೆಲಸ.

ಹಾಗಾದರೆ ಗೀಜರನ್ನು ಹಾಕಿಸಿದಂತೆ ಇದನ್ನೂ ಹಾಕಿಸಬಾರದೇಕೆ? ಭೇದವು ಪ್ರವಾಹದ ಪ್ರಮಾಣದಲ್ಲಿಯೂ ಕಾಲಾವಧಿಯಲ್ಲಿಯೂ ಇದೆ. ಮನೆಯ ವಿದ್ಯುತ್ತಿನ ಒತ್ತಡವು 230 ವೋಲ್ಟು. 16 ಆಂಪಿಯರಿನ ಸಾಕೆಟ್ಟಿನಿಂದ ಸುಮಾರು ಮೂರೂವರೆ ಕಿಲೋವಾಟು ದೊರೆಯುವುದು. 32 ಆಂಪಿಯರಿನ ಪೆಟ್ಟಿಗೆಯಿಂದ ಏಳು ಕಿಲೋವಾಟಿಗೆ ತುಸು ಹೆಚ್ಚು. 30 ಯೂನಿಟ್ಟಿನ ಬ್ಯಾಟರಿಯು ಬರಿದಾಗಿದ್ದಲ್ಲಿ ಮೊದಲನೆಯದಕ್ಕೆ ಒಂಬತ್ತು ಹತ್ತು ಗಂಟೆಗಳೂ ಎರಡನೆಯದಕ್ಕೆ ನಾಲ್ಕೈದು ಗಂಟೆಗಳೂ ಹಿಡಿಯುವುವು. ಗೀಜರು ಅರ್ಧ ಗಂಟೆಯಲ್ಲಿ ವಿಶ್ರಮಿಸುವುದು. ಕಾರು ಮನೆಯವರೆಲ್ಲ ನಿದ್ರಿಸುತ್ತಿರುವಾಗ ರಾತ್ರಿಯುದ್ದಕ್ಕೂ ಪೂರ್ಣಪ್ರವಾಹವನ್ನು ಸೆಳೆಯುತ್ತಿರುವುದು.

ತಂತಿಯಲ್ಲಿ ಹುಟ್ಟುವ ಉಷ್ಣವು ಪ್ರವಾಹದ ವರ್ಗಕ್ಕೆ ಅನುಗುಣವಾದುದು ಎಂಬುದು ಜೂಲನ ನಿಯಮ. ಪ್ರವಾಹವು ಇಮ್ಮಡಿಯಾದರೆ ಉಷ್ಣವು ನಾಲ್ಮಡಿಯಾಗುತ್ತದೆ. ಸ್ಕ್ರೂ ಸಡಿಲವಾದ ಒಂದು ಕೂಡುಸ್ಥಾನದಲ್ಲಿ ಕೇವಲ ಒಂದು ಓಮಿನ ಹತ್ತನೆಯ ಒಂದಂಶದಷ್ಟು ರೋಧವಿದೆಯೆಂದು ಭಾವಿಸಬಹುದು. 5 ಆಂಪಿಯರು ಹರಿದಾಗ ಅಲ್ಲಿ ಎರಡೂವರೆ ವಾಟು ಉಷ್ಣವು ಮಾತ್ರ ಹುಟ್ಟುವುದು, ಯಾರಿಗೂ ತಿಳಿಯದು. 32 ಆಂಪಿಯರು ಹರಿದಾಗ ಅದೇ ಸ್ಥಾನದಲ್ಲಿ 102 ವಾಟು! ಹಳೆಯ ಕಾಲದ ನೂರು ವಾಟಿನ ದೀಪವೊಂದನ್ನು ಅಂಗೈಯಗಲದ ಪೆಟ್ಟಿಗೆಯಲ್ಲಿ ಮುಚ್ಚಿಟ್ಟು ಮಲಗಿದಂತೆಯೇ ಸರಿ. ಹಳೆಯ ಬಂಗಲೆಯ ತಂತಿಗಳು ಇಪ್ಪತ್ತು ವರ್ಷ ನಿರುಪದ್ರವವಾಗಿ ನಡೆದುಬಂದುವೆಂಬುದು ಆದುದರಿಂದ ಪ್ರಮಾಣವಾಗಲಾರದು. ಅವುಗಳನ್ನು ಅಂಥ ಪರೀಕ್ಷೆಗೆ ಯಾರೂ ಒಡ್ಡಿರಲಿಲ್ಲವಷ್ಟೆ.

3. ನಿಯಮದ ಎರಡು ಶಬ್ದಗಳು

1956ರ ಭಾರತೀಯ ವಿದ್ಯುತ್ ನಿಯಮಗಳಲ್ಲಿ 45ನೆಯದು ಈ ವಿಷಯಕ್ಕೆ ಸಂಬಂಧಿಸಿದುದು. ಕೇಂದ್ರ ವಿದ್ಯುತ್ ಪ್ರಾಧಿಕಾರವು 2010ರಲ್ಲಿ ಮತ್ತು 2023ರಲ್ಲಿ ಹೊರಡಿಸಿದ ಸುರಕ್ಷತಾ ವಿಧಿಗಳಲ್ಲಿಯೂ ಅದರ ಸಾರವು ಉಳಿದುಬಂದಿದೆ. ಗ್ರಾಹಕನ ಮನೆಯ ವಿದ್ಯುತ್ ಕೆಲಸವನ್ನು ರಾಜ್ಯವು ಪರವಾನಗಿಯಿತ್ತ ಗುತ್ತಿಗೆದಾರನು, ಯೋಗ್ಯತಾಪತ್ರವುಳ್ಳ ಮೇಲ್ವಿಚಾರಕನ ಕಣ್ಗಾವಲಿನಲ್ಲಿ ಮಾಡತಕ್ಕದ್ದು ಎಂಬುದು ವಿಧಿ. ದೀಪ, ಪಂಖ, ಫ್ಯೂಜು, ಸ್ವಿಚ್ಚು, ಗೃಹೋಪಕರಣ ಮೊದಲಾದುವನ್ನು ಬದಲಿಸುವುದಕ್ಕೆ ಮಾತ್ರ ವಿನಾಯಿತಿಯುಂಟು. ಆದರೆ ಆ ಬದಲಾವಣೆಯಿಂದ ವಿದ್ಯುತ್ ವ್ಯವಸ್ಥೆಯ ಸಾಮರ್ಥ್ಯವಾಗಲಿ ಸ್ವರೂಪವಾಗಲಿ ವ್ಯತ್ಯಾಸಗೊಳ್ಳಬಾರದು.

ಸಾಮರ್ಥ್ಯ, ಸ್ವರೂಪ — ಈ ಎರಡು ಶಬ್ದಗಳಲ್ಲಿಯೇ ಪ್ರಶ್ನೆಯ ಉತ್ತರವು ಅಡಗಿದೆ. ಮೂರು ಕಿಲೋವಾಟು ಮಂಜೂರಾದ ಮನೆಗೆ ಏಳು ಕಿಲೋವಾಟಿನ ಭಾರವನ್ನು ಕೂಡಿಸಿದಾಗ ಸಾಮರ್ಥ್ಯವು ಬದಲಾಯಿತು. ಮೀಟರಿನಿಂದ ಹೊಸ ತಂತಿಯನ್ನೆಳೆದು, ಹೊಸ ರಕ್ಷಣಾಸಾಧನಗಳನ್ನಿಟ್ಟು, ಮಳೆಬಿಸಿಲಿನ ಅಂಗಳದವರೆಗೆ ವಿದ್ಯುತ್ತನ್ನು ಒಯ್ದಾಗ ಸ್ವರೂಪವೂ ಬದಲಾಯಿತು. ಆದುದರಿಂದ ಗೋಡೆಯ ಚಾರ್ಜರನ್ನು ಸ್ಥಾಪಿಸುವುದು ವಿನಾಯಿತಿಯ ಮೇರೆಯನ್ನು ಮೀರಿದ ಕೆಲಸವು. ಇದನ್ನು ಬಲ್ಬು ಬದಲಿಸಿದ ಹಾಗೆಂದು ತಿಳಿಯುವುದು ವಿಧಿಯನ್ನು ತಪ್ಪಾಗಿ ಓದಿದಂತಾಗುವುದು.

ಇಲ್ಲಿ ವ್ಯವಹಾರದ ಶಬ್ದಗಳನ್ನೂ ಬಿಡಿಸಿ ನೋಡತಕ್ಕದ್ದು. ಗುತ್ತಿಗೆಯು ಶಾಸನಗಳಲ್ಲಿ ಗುತ್ತಗೆಯೆಂದು ತೋರುವ ಹಳೆಯ ಮಾತು. ಪರವಾನಗಿಯು ಪಾರಸಿಯಿಂದ ಬಂದುದು. ಲೈನ್‌ಮನ್, ವೈರ್‌ಮನ್ ಎಂಬುವು ಇಂಗ್ಲೀಷಿನವು. ಜನಸಾಮಾನ್ಯರು ಕೊನೆಯ ಎರಡನ್ನೂ ಒಂದೇ ಎಂದೆಣಿಸಿ, ಕಂಬವೇರುವವನನ್ನೇ ಮನೆಯೊಳಗೂ ಕರೆಯುವುದುಂಟು. ಲೈನ್‌ಮನ್ನನು ಸರಬರಾಜು ಕಂಪನಿಯ ನೌಕರನು, ಇಲ್ಲಿ ಹೆಸ್ಕಾಂನವನು. ಮೀಟರಿನ ಆಚೆಗಿನ ಲೈನುಗಳು ಅವನ ಪಾಲಿನವು. ಮೀಟರಿನ ಈಚೆಗೆ ಕೆಲಸಮಾಡುವ ವೈರ್‌ಮನ್ನನೂ ಅವನ ಮೇಲ್ವಿಚಾರಕನೂ ಗುತ್ತಿಗೆದಾರನೂ ರಾಜ್ಯದ ವಿದ್ಯುತ್ ಪರಿವೀಕ್ಷಣಾಲಯದ ವ್ಯವಸ್ಥೆಯಲ್ಲಿ ಬೇರೆಬೇರೆ ಪತ್ರಗಳನ್ನು ಪಡೆದವರಾಗಿರಬೇಕು.

4. ಎರೆಮಣ್ಣೂ ಭೂಸಂಪರ್ಕವೂ

ಹುಬ್ಬಳ್ಳಿಯ ನೆಲವು ಬಹುಮಟ್ಟಿಗೆ ಎರೆಯದು. ಮಳೆಗಾಲದಲ್ಲಿ ನೀರುಂಡು ಉಬ್ಬುವುದು, ಬೇಸಗೆಯಲ್ಲಿ ಒಣಗಿ ಕೈ ತೂರುವಷ್ಟು ಬಿರಿಯುವುದು ಅದರ ಧರ್ಮ. ಹಸಿಯಾಗಿರುವಾಗ ಅದು ವಿದ್ಯುತ್ತಿಗೆ ಒಳ್ಳೆಯ ದಾರಿಯಾಗಿರುವುದಾದರೂ, ಚೈತ್ರ ವೈಶಾಖಗಳಲ್ಲಿ ಒಣಗಿ, ಅರ್ಥಿಂಗಿನ ಕೊಳವೆಯಿಂದ ಬೇರ್ಪಟ್ಟು ನಿಂತಾಗ ಅದರ ರೋಧವು ಏರುವುದು. ಆಷಾಢದಲ್ಲಿ ಅಳೆದು ಸರಿಯೆನಿಸಿದ ಭೂಸಂಪರ್ಕವು ವೈಶಾಖದಲ್ಲಿ ಸರಿಯಾಗಿರುವುದೆಂಬ ಭರವಸೆಯಿಲ್ಲ. ಉಪ್ಪು ಇದ್ದಿಲುಗಳನ್ನು ತುಂಬಿ ಗುಂಡಿಗೆ ನೀರು ಹಾಕುತ್ತಿದ್ದ ಹಿಂದಿನವರ ರೂಢಿಗೆ ಇದೇ ಕಾರಣವು.

ಇದರ ಪರಿಣಾಮವನ್ನು ಲೆಕ್ಕದಿಂದ ತಿಳಿಯಬಹುದು. ಭೂಸಂಪರ್ಕದ ರೋಧವು 10 ಓಮು ಇರುವಲ್ಲಿ ದೋಷವುಂಟಾಗಿ ಕಾರಿನ ಲೋಹದ ಮೈಗೆ ವಿದ್ಯುತ್ತು ತಗುಲಿತೆಂದರೆ, ಭೂಮಿಗೆ ಹರಿಯುವ ಪ್ರವಾಹವು ಹೆಚ್ಚೆಂದರೆ 23 ಆಂಪಿಯರು. ಚಾರ್ಜರಿಗೆ ಇಟ್ಟ ಎಂ.ಸಿ.ಬಿ.ಯಾದರೋ 32 ಆಂಪಿಯರಿನವರೆಗೆ ಸುಮ್ಮನಿರತಕ್ಕದ್ದು, ಅದು ಬೀಳದು. ರಬ್ಬರಿನ ಚಕ್ರಗಳ ಮೇಲೆ ನಿಂತ ಕಾರು ಸಜೀವವಾಗಿಯೇ ಉಳಿಯುವುದು. ಬರಿಗಾಲಿನ ಮಗುವೊಂದು ಅದನ್ನು ಮುಟ್ಟಿದರೆ ಪ್ರಾಣಾಪಾಯವು. ಈ ಕಾರಣದಿಂದಲೇ 30 ಮಿಲಿಆಂಪಿಯರಿನ ಸೋರಿಕೆಗೇ ಪ್ರವಾಹವನ್ನು ಕಡಿಯುವ ಆರ್.ಸಿ.ಸಿ.ಬಿ. ಎಂಬ ಸಾಧನವು ಅನಿವಾರ್ಯವಾಗುತ್ತದೆ. ಅದರಲ್ಲಿಯೂ ಜಾತಿಭೇದಗಳಿವೆ. ಮನೆಗಳಲ್ಲಿ ಸಾಮಾನ್ಯವಾಗಿ ಕಾಣುವ ಎ.ಸಿ. ಜಾತಿಯದು, ಕಾರಿನೊಳಗಿನ ಯಂತ್ರದಿಂದ ಏಕಮುಖ ಪ್ರವಾಹವು ಸೋರಿದಾಗ ಕುರುಡಾಗಬಲ್ಲುದು. ಆದುದರಿಂದ ಬಿ ಜಾತಿಯದನ್ನು, ಇಲ್ಲವೆ 6 ಮಿಲಿಆಂಪಿಯರಿನ ಏಕಮುಖ ಸೋರಿಕೆಯನ್ನು ಗುರುತಿಸುವ ಏರ್ಪಾಡಿನೊಡನೆ ಎ ಜಾತಿಯದನ್ನು ಬಳಸುವುದು ಕ್ರಮ. ಈ ಭೇದವನ್ನರಿಯದವನು ಎಷ್ಟೇ ಕುಶಲಹಸ್ತನಾದರೂ ಈ ಕೆಲಸಕ್ಕೆ ಸಾಲನು.

5. ನೇಮಿಸುವ ಕ್ರಮ

ಗೃಹಸ್ಥನು ಮೊದಲು ಕೇಳಬೇಕಾದುದು ಬೆಲೆಯನ್ನಲ್ಲ, ಪರವಾನಗಿಯನ್ನು. ಅದರ ಸಂಖ್ಯೆ, ಅವಧಿ, ಮೇಲ್ವಿಚಾರಕನ ಹೆಸರು ಇವನ್ನು ಕಂಡುಕೊಳ್ಳತಕ್ಕದ್ದು. ಎರಡನೆಯದಾಗಿ, ಗುತ್ತಿಗೆದಾರನು ಮನೆಗೆ ಬಂದು ನೋಡಿಯೇ ಅಂದಾಜು ಕೊಡಬೇಕು. ಮೀಟರಿನಿಂದ ಕಾರು ನಿಲ್ಲುವ ಸ್ಥಳಕ್ಕಿರುವ ದೂರ, ಮಂಜೂರಾದ ಭಾರ, ಈಗಿರುವ ಭಾರ, ಭೂಸಂಪರ್ಕದ ಸ್ಥಿತಿ ಇವನ್ನು ಅಳೆಯದೆ ದೂರವಾಣಿಯಲ್ಲಿಯೇ ಬೆಲೆ ಹೇಳುವವನನ್ನು ನಂಬಲಾಗದು. ಅಪಾರ್ಟ್‌ಮೆಂಟಿನಲ್ಲಾದರೆ ನಿವಾಸಿಗಳ ಸಂಘದ ಒಪ್ಪಿಗೆಯೂ ಬೇಕಾಗುವುದು.

ಮೂರನೆಯದಾಗಿ, ಮಂಜೂರಾದ ಭಾರವು ಸಾಲದಾದಲ್ಲಿ ಹೆಸ್ಕಾಂಗೆ ಹೆಚ್ಚುವರಿ ಭಾರಕ್ಕಾಗಿ ಅರ್ಜಿಯನ್ನು ಕೊಡಬೇಕು. ಖರ್ಚಿನ ಲೆಕ್ಕವನ್ನೂ ಆಗಲೇ ಮಾಡಿಕೊಳ್ಳುವುದು ಲೇಸು. 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯು ತಿಂಗಳಿಗೆ 200 ಯೂನಿಟ್ಟಿನ ಮಿತಿಯನ್ನು ಇಟ್ಟುಕೊಂಡು ರೂಪುಗೊಂಡುದು. 30 ಯೂನಿಟ್ಟಿನ ಬ್ಯಾಟರಿಯನ್ನು ಆರು ಸಲ ತುಂಬಿದರೆ, ನಷ್ಟವೂ ಸೇರಿ, ಅಷ್ಟು ವಿದ್ಯುತ್ತು ಕಾರೊಂದಕ್ಕೇ ತಗಲುವುದು.

ನಾಲ್ಕನೆಯದಾಗಿ, ಚಾರ್ಜರಿಗೆ ಮೀಟರಿನ ಬಳಿಯಿಂದಲೇ ಸ್ವತಂತ್ರವಾದ ತಂತಿಯಿರಬೇಕು. ಅದರಲ್ಲಿ ಬೇರೆ ಯಾವುದನ್ನೂ ಕೂಡಿಸಬಾರದು. 32 ಆಂಪಿಯರಿಗೆ ಸಾಮಾನ್ಯವಾಗಿ 6 ಚದರ ಮಿಲಿಮೀಟರಿನ ತಾಮ್ರದ ತಂತಿಯು ಬೇಕಾಗುವುದು. ದೂರವು ಹೆಚ್ಚಿದ್ದಲ್ಲಿ ಇನ್ನೂ ದಪ್ಪನಾದುದು. ಎಕ್ಸ್‌ಟೆನ್ಷನ್ ತಂತಿಯನ್ನು ಬಳಸತಕ್ಕದ್ದಲ್ಲ. ಚಾರ್ಜಿಂಗ್ ಕೇಂದ್ರಗಳಿಗೆಂದು 2019ರಲ್ಲಿ ಕೂಡಿಸಿದ ವಿಧಿಗಳಲ್ಲಿ ಇದು ಸ್ಪಷ್ಟವಾಗಿ ನಿಷೇಧಿಸಲ್ಪಟ್ಟಿದೆ. ಸಾಕೆಟ್ಟು ನೆಲದಿಂದ ಕನಿಷ್ಠ 800 ಮಿಲಿಮೀಟರು ಎತ್ತರದಲ್ಲಿರಬೇಕೆಂದೂ ಅಲ್ಲಿಯೇ ಇದೆ. ಮನೆಗೂ ಇವು ಒಳ್ಳೆಯ ಮಾದರಿಗಳು.

ಕೊನೆಯದಾಗಿ, ದೀಪವು ಹೊತ್ತಿತೆಂದು ಕೆಲಸವು ಮುಗಿಯಿತೆನ್ನಲಾಗದು. ತಂತಿಯ ಹೊದಿಕೆಯ ರೋಧವನ್ನು ಮೆಗ್ಗರಿನಿಂದಲೂ ಭೂಸಂಪರ್ಕದ ರೋಧವನ್ನು ಅದರ ಮಾಪಕದಿಂದಲೂ ಅಳೆದು, ಆರ್.ಸಿ.ಸಿ.ಬಿ.ಯನ್ನು ಬೀಳಿಸಿ ನೋಡಿ, ಅಂಕೆಗಳನ್ನು ಬರೆದು ಸಹಿಮಾಡಿದ ವರದಿಯನ್ನು ಪಡೆಯಬೇಕು. ಸರಿ ಇದೆ ಎಂಬುದು ಅಭಿಪ್ರಾಯ. ಇಷ್ಟು ಓಮು ಎಂಬುದು ಪ್ರಮಾಣ.

6. ಒಂದು ಆಕ್ಷೇಪ

ಪರವಾನಗಿಯಿಲ್ಲದಿದ್ದರೂ ಇಪ್ಪತ್ತು ವರ್ಷಗಳಿಂದ ಓಣಿಯ ಮನೆಗಳಲ್ಲೆಲ್ಲ ಕೆಲಸಮಾಡಿ ನಂಬಿಕೆ ಗಳಿಸಿದವನಿರುವಾಗ ಅವನನ್ನು ಬಿಡುವುದು ಅನ್ಯಾಯವಲ್ಲವೆ ಎಂದು ಕೆಲವರು ಕೇಳಬಹುದು. ಈ ಮಾತು ತಳ್ಳಿಹಾಕತಕ್ಕದ್ದಲ್ಲ. ಪತ್ರವಿದ್ದವರೆಲ್ಲ ನಿಪುಣರೆಂದಾಗಲಿ ಇಲ್ಲದವರೆಲ್ಲ ಅಜ್ಞರೆಂದಾಗಲಿ ಹೇಳಲಾಗದು. ಆದರೆ ಪತ್ರವು ನೈಪುಣ್ಯವನ್ನು ಮಾತ್ರ ಸೂಚಿಸುವುದಲ್ಲ; ಹೊಣೆಯನ್ನು ಸೂಚಿಸುತ್ತದೆ. ಅನಾಹುತವಾದಲ್ಲಿ ಉತ್ತರಕೊಡಬೇಕಾದವನು ಯಾರೆಂಬುದು ಅದರಿಂದ ಮೊದಲೇ ನಿಶ್ಚಿತವಾಗಿರುವುದು. ಅನುಭವಿಯಾದ ಆ ಕೆಲಸಗಾರನನ್ನು ಪರವಾನಗಿಯುಳ್ಳ ಗುತ್ತಿಗೆದಾರನ ಮೇಲ್ವಿಚಾರಣೆಯಲ್ಲಿ, ಅವನೂ ತನ್ನ ಪತ್ರವನ್ನು ಪಡೆಯುವಂತೆ ಪ್ರೋತ್ಸಾಹಿಸಿ, ತೊಡಗಿಸುವುದರಿಂದ ಅವನ ಅನ್ನಕ್ಕೂ ಮನೆಯ ಕ್ಷೇಮಕ್ಕೂ ಬಾಧೆಯುಂಟಾಗದು.

ಹೀಗೆ ಅರ್ಹತೆಯೆಂಬುದು ಮೂರು ಅಂಗಗಳುಳ್ಳದ್ದು: ವಿಧಿಯು ಕೊಟ್ಟ ಅಧಿಕಾರ, ಈ ಯಂತ್ರದ ವಿಶೇಷವಾದ ಅರಿವು, ಅಳೆದು ತೋರಿಸುವ ಅಭ್ಯಾಸ. ಇವುಗಳಲ್ಲಿ ಒಂದಿಲ್ಲದಿದ್ದರೂ ಉಳಿದೆರಡು ಸಾಲವು. ಕೇಶ್ವಾಪುರದ ಗೃಹಸ್ಥನು ಈ ಮೂರನ್ನೂ ಕೇಳಿ ತಿಳಿದು, ವರದಿಯನ್ನು ಮನೆಯ ಕಾಗದಪತ್ರಗಳೊಡನೆ ಇಟ್ಟುಕೊಂಡು, ವರ್ಷಕ್ಕೊಮ್ಮೆ, ಎರೆನೆಲವು ಬಿರಿಯುವ ಬೇಸಗೆಯಲ್ಲಿ, ಭೂಸಂಪರ್ಕವನ್ನು ಮತ್ತೆ ಅಳೆಯಿಸಿದಲ್ಲಿ ಅವನ ಮನೆಮಂದಿಯು ನಿಶ್ಚಿಂತೆಯಿಂದ ನಿದ್ರಿಸಬಹುದು.